ಕೋವಿಯ ಮೇಲಿನ ಹೆಸರು
ಹಳೆಯ ಬಂದೂಕುಗಳನ್ನು ಗುರುತಿಸುವ ಮತ್ತು ಕಾಪಾಡುವ ವಿಧಾನ

ಪ್ರತಿ ವರ್ಷವೂ ಮಹಾನವಮಿಯಂದು ನಮ್ಮ ನಾಡಿನ ಮನೆಮನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ನೇಗಿಲು, ಕುಡುಗೋಲು, ಉಳಿ, ಬಾಚಿ ಮೊದಲಾದ ಉಪಕರಣಗಳನ್ನು ಹಿಂದಿನ ದಿನವೇ ಹುಣಿಸೆಹಣ್ಣು, ಇಟ್ಟಿಗೆಪುಡಿ, ಬೂದಿಗಳಿಂದ ತಿಕ್ಕಿ ತೊಳೆದು ಥಳಥಳಿಸುವಂತೆ ಮಾಡುತ್ತಾರೆ. ಕೆಲವು ಹಳೆಯ ಮನೆತನಗಳಲ್ಲಿ ಅಟ್ಟದ ಮೇಲಿಂದ ಒಂದು ಕತ್ತಿಯನ್ನೋ ತುಕ್ಕು ಹಿಡಿದ ಕೋವಿಯನ್ನೋ ಇಳಿಸಿ ಅದಕ್ಕೂ ಇದೇ ಉಪಚಾರವನ್ನು ಮಾಡುವುದುಂಟು. ಭಕ್ತಿಯಿಂದ ಮಾಡುವ ಈ ಕೆಲಸದಲ್ಲಿ ಯಾರ ತಪ್ಪೂ ಇಲ್ಲ. ಆದರೆ ಆ ಹಳೆಯ ಕೋವಿಯ ನಳಿಗೆಯ ಮೇಲೆ, ಅದನ್ನು ಕಾಸಿ ಬಡಿದು ರೂಪಿಸಿದ ಕುಶಲಕರ್ಮಿಯ ಹೆಸರು, ಅವನ ಊರು, ಅವನು ಅದನ್ನು ಮುಗಿಸಿದ ವರ್ಷ ಇವು ಕೂದಲೆಳೆಯಷ್ಟು ಆಳದ ಗೆರೆಗಳಲ್ಲಿ ಕೊರೆದಿರಬಹುದು. ಇನ್ನೂರು ವರ್ಷ ಬಿಸಿಲು ಮಳೆಗಳಿಗೂ ಅಳಿಯದೆ ಉಳಿದುದು ಒಂದು ಮಧ್ಯಾಹ್ನದ ತಿಕ್ಕುವಿಕೆಯಿಂದ ಅಳಿದುಹೋಗಬಹುದು. ಒಮ್ಮೆ ಅಳಿದ ಮೇಲೆ ಆ ಕೋವಿ ಬರಿಯ ಕಬ್ಬಿಣದ ಕೊಳವೆ. ಅದಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ.

ಇಂತಹ ಹೆಸರುಗಳನ್ನು ಓದುವುದು ಹೇಗೆ, ನಂಬುವುದು ಎಷ್ಟರ ಮಟ್ಟಿಗೆ, ಕಾಪಾಡುವುದು ಯಾವ ವಿಧಾನದಿಂದ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ನಮ್ಮ ಸೀಮೆ, ನಮ್ಮ ಲೋಹವಿದ್ಯೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಸುತ್ತಲಿನ ಸೀಮೆ, ಎಂದರೆ ರಾಮನಗರ, ಮಾಗಡಿ, ಕನಕಪುರಗಳ ಪ್ರದೇಶ, ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇರುವ ನಾಡು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸೈನ್ಯಗಳು ಇದೇ ನೆಲವನ್ನು ತುಳಿದು ಹೋದುವು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕನಕಪುರದ ಮಾರ್ಗವಾಗಿ ಶ್ರೀರಂಗಪಟ್ಟಣದತ್ತ ನಡೆಯಿತು. ಅದೇ ವರ್ಷ ಡಿಸೆಂಬರ್ ೨೧ರಂದು ಮಾಗಡಿಯ ಬಳಿಯ ಸಾವನದುರ್ಗ ಇಂಗ್ಲಿಷರ ವಶವಾಯಿತು.

ಯುದ್ಧಗಳೆಲ್ಲ ಮುಗಿದ ಮೇಲೆ, ೧೮೦೦ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬಾತನು ಈ ನಾಡನ್ನು ಸಂಚರಿಸಿ ಕಂಡುದನ್ನು ಬರೆದಿಟ್ಟನು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅದಕ್ಕೆ ಇಂಡಿಯದ ದೂರದೂರದ ಪ್ರಾಂತಗಳಲ್ಲಿ ಬೇಡಿಕೆ ಇದ್ದುದನ್ನೂ ಅವನು ತಿಳಿಸಿದ್ದಾನೆ. ಕೂದಲಿನಂತಹ ತಂತಿಯನ್ನು ಎಳೆಯಬೇಕಾದರೆ ಉಕ್ಕು ಎಷ್ಟು ಶುದ್ಧವಾಗಿಯೂ ಸಮನಾಗಿಯೂ ಇರಬೇಕೆಂಬುದನ್ನು ವಾಚಕರು ಊಹಿಸಬಹುದು. ಇಂಗ್ಲಿಷಿನಲ್ಲಿ ದಕ್ಷಿಣ ಭಾರತದ ಉಕ್ಕಿಗೆ ಇರುವ 'ವೂಟ್ಸ್' ಎಂಬ ಹೆಸರೇ ನಮ್ಮ 'ಉಕ್ಕು' ಶಬ್ದದಿಂದ ಹುಟ್ಟಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಆದರೆ ತಂತಿಯ ಮೇಲೆ ಹೆಸರನ್ನು ಬರೆಯಲಾಗುವುದಿಲ್ಲ. ಚನ್ನಪಟ್ಟಣದ ಆ ತಂತಿಗಾರರ ಕೈಚಳಕಕ್ಕೆ ಅವರ ವಸ್ತುವಿನಲ್ಲಿಯೇ ಸಾಕ್ಷಿ ಉಳಿಯುವಂತಿರಲಿಲ್ಲ. ಕೋವಿಯ ನಳಿಗೆಯ ಮೇಲೆ ಹೆಸರನ್ನು ಬರೆಯಬಹುದು. ನಮ್ಮ ನಾಡಿನ ಲೋಹಕರ್ಮಿಗಳಲ್ಲಿ ಹೆಸರು ಉಳಿಸಿಕೊಂಡವರು ಬಹಳ ಕಡಮೆ; ಉಳಿಸಿಕೊಂಡವರಲ್ಲಿ ಕೆಲವರು ಕೋವಿ ಮಾಡಿದವರು. ಈ ಕಾರಣದಿಂದಲೇ ಆ ಅರ್ಧ ಬೆರಳಿನಷ್ಟು ಬರೆಹಕ್ಕೆ ಇಷ್ಟು ಬೆಲೆ.

ಕೋವಿಯ ಮೂರು ಭಾಗಗಳು

ಹಳೆಯ ಕೋವಿಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ನಳಿಗೆ. ಎರಡನೆಯದು ಮದ್ದಿಗೆ ಕಿಡಿ ಮುಟ್ಟಿಸುವ ಯಂತ್ರ. ಚಕಮಕಿ ಕೋವಿಯಲ್ಲಿ 'ಕುದುರೆ'ಯು ಕಚ್ಚಿಕೊಂಡಿರುವ ಕಲ್ಲು ಉಕ್ಕಿನ ತಗಡಿಗೆ ಹೊಡೆದು ಕಿಡಿಯನ್ನು ಉದುರಿಸುತ್ತದೆ. ಆ ಕಿಡಿ ಬಟ್ಟಲಿನಲ್ಲಿರುವ ಮದ್ದನ್ನು ಹೊತ್ತಿಸಿ, ಸಣ್ಣ ಕಂಡಿಯ ಮೂಲಕ ನಳಿಗೆಯ ಒಳಗಿನ ಮದ್ದಿಗೆ ತಗಲುತ್ತದೆ. ಮೂರನೆಯದು ಇವೆರಡನ್ನೂ ಹೊತ್ತಿರುವ ಮರ.

ಈ ಮೂರನ್ನೂ ಒಬ್ಬನೇ ಮಾಡಿರಬೇಕೆಂಬ ನಿಯಮವಿಲ್ಲ. ಈ ಮಾತನ್ನು ಚೆನ್ನಾಗಿ ಕಲಿಸಿಕೊಡುವುದು ಅಮೆರಿಕದ ಉದ್ದ ಕೋವಿಗಳ ಅಧ್ಯಯನ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಮೊದಲಾದ ಊರುಗಳಲ್ಲಿ ಜರ್ಮನ್ ಭಾಷೆಯನ್ನಾಡುವ ವಲಸೆಗಾರರ ಮನೆತನಗಳು ಇವುಗಳನ್ನು ತಯಾರಿಸುತ್ತಿದ್ದುವು. ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಗಾಡಿಗಳನ್ನು ಕೊರೆದಿದ್ದುದರಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಬಿದ್ದು ದಿಕ್ಕು ಕೆಡದೆ ದೂರ ಹೋಗುತ್ತಿತ್ತು. ಎಂಟು ಮುಖಗಳುಳ್ಳ ನಳಿಗೆಯ ಮೇಲ್ಮುಖದಲ್ಲಿ ಕರ್ತೃ ತನ್ನ ಹೆಸರನ್ನು ಕೊರೆಯುತ್ತಿದ್ದನು. ೧೮೨೨ರಲ್ಲಿ ತೀರಿಕೊಂಡ ಜೇಕಬ್ ಡಿಕರ್ಟ್ ಎಂಬಾತನ ಸಹಿ ಅಲ್ಲಿ ಪ್ರಸಿದ್ಧವಾದುದು. ಆದರೆ ಅದೇ ಕೋವಿಯ ಚಕಮಕಿ ಯಂತ್ರದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೆಟ್ಲೆಂಡ್ ಎಂಬ ಹೆಸರೂ ಇರಬಹುದು. ಏಕೆಂದರೆ ಯಂತ್ರಗಳನ್ನು ಸಮುದ್ರದಾಚೆಯಿಂದ ತರಿಸಿಕೊಳ್ಳುವುದು ಅಗ್ಗವಾಗಿತ್ತು. ಯಂತ್ರದ ಮೇಲಿನ ಹೆಸರನ್ನು ನೋಡಿ ಇಡೀ ಕೋವಿಯನ್ನು ಇಂಗ್ಲೆಂಡಿನದೆಂದರೆ ತಪ್ಪಾಗುತ್ತದೆ. ಆದುದರಿಂದ ಮೊದಲನೆಯ ಸೂತ್ರ: ಹೆಸರು ಯಾವ ಭಾಗದ ಮೇಲಿದೆಯೋ ಆ ಭಾಗಕ್ಕೆ ಮಾತ್ರ ಅದು ಸಾಕ್ಷಿ.

ಆ ಕಾಲದ ಅಮೆರಿಕಕ್ಕೂ ನಮ್ಮ ನಾಡಿಗೂ ಒಂದು ವಿನೋದವಾದ ನಂಟಿದೆ. ಇಂಗ್ಲಿಷರೊಡನೆ ಹೋರಾಡುತ್ತಿದ್ದ ಪೆನ್ಸಿಲ್ವೇನಿಯದವರು ೧೭೮೨ರಲ್ಲಿ ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು!

ಟಿಪ್ಪುವಿನ ಕೋವಿಗಳ ಮೇಲಿನ ಗುರುತುಗಳು

ಹೆಸರುಳ್ಳ ಕೋವಿಗಳಿಗೆ ನಮ್ಮ ನಾಡಿನಲ್ಲಿ ಉತ್ತಮವಾದ ಉದಾಹರಣೆಯೆಂದರೆ ಟಿಪ್ಪು ಸುಲ್ತಾನನ ಕಾಲದವು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಇವುಗಳಲ್ಲಿ ಅವನ ಕಾರಖಾನೆಗಳಿದ್ದುವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ದಿನಗಳ ನೆನಪನ್ನು ಇಂದಿಗೂ ಉಳಿಸಿದೆ. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿಯ ಆಯುಧಗಳು ಲೂಟಿಯಾಗಿ, ಆಯ್ದ ಕೋವಿಗಳು ಇಂಗ್ಲೆಂಡನ್ನು ಸೇರಿದುವು. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕನು ಇವುಗಳನ್ನು ದೀರ್ಘಕಾಲ ಪರಿಶೀಲಿಸಿ ೧೯೯೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಇವುಗಳಲ್ಲಿ ಕಾಣುವ ಮುಖ್ಯ ಗುರುತುಗಳು ಹೀಗಿವೆ.

ಒಂದು: 'ಹೈದರ್' ಮುದ್ರೆ. ಒಂದು ಚೌಕವನ್ನು ನಾಲ್ಕು ಮನೆಗಳಾಗಿ ವಿಭಾಗಿಸಿ, ಪಾರಸಿ ಲಿಪಿಯಲ್ಲಿ ಆ ಹೆಸರಿನ ನಾಲ್ಕು ಅಕ್ಷರಗಳನ್ನು ಮನೆಗೊಂದರಂತೆ ಹಂಚಿರುತ್ತದೆ. ಹೈದರ್ ಎಂದರೆ ಸಿಂಹ. ಅದು ಹಜರತ್ ಅಲಿಯವರ ಬಿರುದು, ಟಿಪ್ಪುವಿನ ತಂದೆಯ ಹೆಸರೂ ಹೌದು.

ಎರಡು: ಹುಲಿಪಟ್ಟೆ. 'ಬಬ್ರಿ' ಎಂದು ಕರೆಯುವ ಈ ಬಾಗಿದ ಪಟ್ಟೆಗಳು ನಳಿಗೆಯ ಮೇಲೂ ಬೆಳ್ಳಿಯ ಕಟ್ಟುಗಳ ಮೇಲೂ ಬರುತ್ತವೆ. ಕೆಲವು ಕೋವಿಗಳಲ್ಲಿ ಕುದುರೆಯನ್ನೇ ಹುಲಿಯ ಆಕಾರದಲ್ಲಿ ಕಡೆದಿದೆ.

ಮೂರು: ಬರೆಹ. ನಳಿಗೆಯ ಬುಡದ ಬಳಿ, ಬಹುಮಟ್ಟಿಗೆ ಬಂಗಾರದ ಎಳೆಗಳಲ್ಲಿ, ಊರು, ವರ್ಷ, ಕರ್ತೃವಿನ ಹೆಸರು ಇರುತ್ತವೆ. ಊರಿನ ಸ್ಥಾನದಲ್ಲಿ 'ಪಟನ್' ಎಂದಿದ್ದರೆ ಅದು ಶ್ರೀರಂಗಪಟ್ಟಣ. 'ನಗರ್' ಎಂದರೆ ಹಿಂದಿನ ಬಿದನೂರು. ಕರ್ತೃಗಳಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಹೆಸರು ವಿಶೇಷವಾಗಿ ಗಮನಾರ್ಹವಾದುದು. ಅವನು ಮಾಡಿದ, ಒಂದೇ ನಳಿಗೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಗುಂಡುಗಳನ್ನು ತುಂಬಿ ಹಾರಿಸಬಹುದಾದ ಬೇಟೆಯ ಕೋವಿಯೊಂದು ೨೦೧೫ರಲ್ಲಿ ಲಂಡನ್ನಿನ ಹರಾಜಿನಲ್ಲಿ ೭,೨೨,೫೦೦ ಪೌಂಡುಗಳಿಗೆ ಮಾರಾಟವಾಯಿತು. ೨೦೧೯ರಲ್ಲಿ ಬರ್ಕ್‌ಷೈರಿನ ಒಂದು ಸಾಮಾನ್ಯ ಮನೆಯಲ್ಲಿದ್ದ ಇನ್ನೊಂದು ಕೋವಿಯೂ ಹೊರಬಂದು ಹರಾಜಾಯಿತು. ಅದು ಮನೆಯಲ್ಲಿ ಅಷ್ಟು ಕಾಲ ಇದ್ದುದು ದೊಡ್ಡ ಸಂಗತಿಯಲ್ಲ. ಅದರ ಮೇಲಿನ ಗುರುತುಗಳನ್ನು ಯಾರೂ ಉಜ್ಜಿ ಅಳಿಸಿರಲಿಲ್ಲವೆಂಬುದು ದೊಡ್ಡ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನಮ್ಮ ನಾಡಿನಲ್ಲಿ ಸಿಕ್ಕುವ ಹಳೆಯ ಕೋವಿಗಳೆಲ್ಲ ಟಿಪ್ಪುವಿನವಲ್ಲ. ನಾಲ್ಕು ಭಾಗಗಳಾಗಿ ಸೀಳಿದ ಹೃದಯದ ಆಕಾರವೂ ಅದರ ತಲೆಯ ಮೇಲೆ ನಾಲ್ಕರ ಅಂಕಿಯಂತಹ ಗುರುತೂ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಮುದ್ರೆ. ಸುಮಾರು ೧೮೦೮ರಿಂದ ಈಚೆಗೆ ಹೃದಯದ ಸ್ಥಾನದಲ್ಲಿ ಎದ್ದುನಿಂತ ಸಿಂಹ ಬಂದಿತು. ಸವೆದ ಲೋಹದ ಮೇಲೆ ನಾಲ್ಕು ಮನೆಗಳು ಮಾತ್ರ ಮಸಕಾಗಿ ಕಂಡಾಗ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ. ಹೊರಗಿನ ಅಂಚು ಚೌಕವೋ ಹೃದಯವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ವರ್ಷದ ಲೆಕ್ಕ

ಟಿಪ್ಪುವಿನ ಆಳಿಕೆಯ ಮೊದಲ ವರ್ಷಗಳ ವಸ್ತುಗಳಲ್ಲಿ ಹಿಜರಿ ಶಕವಿದೆ. ಅನಂತರ ಅವನು 'ಮೌಲೂದಿ' ಎಂಬ ಹೊಸ ಶಕವನ್ನು ಬಳಕೆಗೆ ತಂದನು. ಅವನ ನಾಣ್ಯಗಳಲ್ಲಿ ಹಿಜರಿ ೧೨೦೧ರ ಅನಂತರ ಮೌಲೂದಿ ೧೨೧೫ ಬರುವುದನ್ನು ಕಾಣಬಹುದು. ಮೌಲೂದಿ ವರ್ಷವು ನಮ್ಮ ಯುಗಾದಿಯ ಸುಮಾರಿಗೆ ಆರಂಭವಾಗುತ್ತಿತ್ತು. ಅರವತ್ತು ಸಂವತ್ಸರಗಳ ಚಕ್ರವನ್ನೂ ಅವನು ಬಿಡದೆ, ಹೆಸರುಗಳನ್ನು ಮಾತ್ರ ಬದಲಾಯಿಸಿಕೊಂಡನು. ಮೌಲೂದಿ ವರ್ಷಕ್ಕೆ ೫೭೨ನ್ನು ಕೂಡಿದರೆ ಕ್ರಿಸ್ತಶಕ ದೊರೆಯುತ್ತದೆ. ಇನ್ನೊಂದು ವಿಶೇಷವೇನೆಂದರೆ, ಈ ಶಕದ ಅಂಕಿಗಳನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಬರೆದಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎಡದಿಂದ ಬಲಕ್ಕೆ ೨೨೨೧ ಎಂದು ಕಾಣುವ ಅಂಕಿಗಳಿವೆಯೆನ್ನಿ. ಅಂತಹ ವರ್ಷ ಯಾವ ಶಕದಲ್ಲಿಯೂ ಆಗಲು ಸಾಧ್ಯವಿಲ್ಲ. ತಿರುಗಿಸಿ ಓದಿದರೆ ೧೨೨೨. ಇದನ್ನು ಹಿಜರಿಯೆಂದು ಭಾವಿಸಿದರೆ ಕ್ರಿ.ಶ. ೧೮೦೭ ಆಗುತ್ತದೆ; ಆಗ ಟಿಪ್ಪು ಮಡಿದು ಎಂಟು ವರ್ಷ ಕಳೆದಿತ್ತು. ಆತುರಗಾರನು 'ಇದು ನಕಲಿ' ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಮೌಲೂದಿಯೆಂದು ಹಿಡಿದರೆ ೧೨೨೨ + ೫೭೨ = ೧೭೯೪. ಎಲ್ಲವೂ ಸರಿಹೋಗುತ್ತದೆ. ಕೆಲವು ಪಟ್ಟಿಗಳಲ್ಲಿ ಇದನ್ನೇ ೧೭೯೩–೯೪ ಎಂದು ಕೊಟ್ಟಿರುವುದುಂಟು. ಒಂದು ವರ್ಷದ ಈ ಅಂತರ ಲೆಕ್ಕಹಾಕುವ ಕ್ರಮದಿಂದ ಬಂದುದು. ೧೨೨೧ ಎಂಬ ವರ್ಷವನ್ನಂತೂ ಯಾವ ಕಡೆಯಿಂದ ಓದಿದರೂ ಒಂದೇ!

ಅಸಲು ಮತ್ತು ನಕಲು

ಹೆಸರಿಗೆ ಬೆಲೆ ಬಂದೊಡನೆ ಕಳ್ಳ ಹೆಸರುಗಳೂ ಬರುತ್ತವೆ. ಅಮೆರಿಕದಲ್ಲಾಗಲಿ ಇಲ್ಲಾಗಲಿ, ಹೆಸರಿಲ್ಲದ ಹಳೆಯ ನಳಿಗೆಗೆ ಪ್ರಸಿದ್ಧನಾದವನ ಹೆಸರನ್ನು ಕೊರೆಯುವುದು ಸುಲಭ. ಇದನ್ನು ಪತ್ತೆಹಚ್ಚಲು ಭೂತಗನ್ನಡಿಯೊಂದು ಬಹುಮಟ್ಟಿಗೆ ಸಾಕು. ಹಳೆಯ ಬರೆಹದಲ್ಲಿ ತುಕ್ಕಿನ ಕುಳಿಗಳು ಅಕ್ಷರದ ಗೆರೆಯೊಳಗೂ ಹಬ್ಬಿರುತ್ತವೆ. ಗೆರೆಯ ಅಂಚು ಸುತ್ತಲಿನ ಲೋಹದೊಡನೆ ಸಮನಾಗಿ ಸವೆದಿರುತ್ತದೆ. ಹೊಸದಾಗಿ ಕೊರೆದ ಗೆರೆಯಾದರೋ ತುಕ್ಕಿನ ಕುಳಿಯನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತದೆ. ಗಾಯ ಮೊದಲೋ ಬಟ್ಟೆ ಹರಿದುದು ಮೊದಲೋ ಎಂದು ಪರೀಕ್ಷಿಸಿದಂತೆ ಇದು.

ಎರಡನೆಯ ಪರೀಕ್ಷೆ ಕಾಲದ ಹೊಂದಿಕೆ. ಕಿಡಿಕಲ್ಲಿನ ಬದಲು 'ಕೇಪು' ಇಟ್ಟು ಹೊಡೆಯುವ ಯಂತ್ರಗಳು ಬಳಕೆಗೆ ಬಂದುದು ೧೮೨೦ರ ದಶಕದಿಂದ ಈಚೆಗೆ. ೧೭೯೪ರ ನಳಿಗೆಗೆ ಕೇಪಿನ ಯಂತ್ರವಿದ್ದರೆ ಬರೆಹ ಸುಳ್ಳಾಗಿರಲೇಬೇಕೆಂದಿಲ್ಲ. ಚಕಮಕಿ ಕೋವಿಗಳನ್ನು ಮುಂದೆ ಕೇಪಿನ ಕೋವಿಗಳಾಗಿ ಮಾರ್ಪಡಿಸಿದ್ದುಂಟು. ಹಾಗೆ ಮಾರ್ಪಡಿಸಿದಾಗ ಹಳೆಯ ಬಟ್ಟಲು, ಸ್ಪ್ರಿಂಗು ಇದ್ದ ಸ್ಥಳದಲ್ಲಿ ಮುಚ್ಚಿದ ತೂತುಗಳು ಕಾಣುತ್ತವೆ. ಅವು ಇವೆಯೇ ಎಂದು ನೋಡಬೇಕು.

ಪೂರ್ತಿ ಸವೆದುಹೋದ ಮುದ್ರೆಯ ಕತೆ ಬೇರೆ. ತಣ್ಣನೆಯ ಲೋಹದ ಮೇಲೆ ಅಚ್ಚನ್ನಿಟ್ಟು ಹೊಡೆದಾಗ ಗುರುತಿನ ಅಡಿಯಲ್ಲಿರುವ ಲೋಹದ ಕಣಗಳೂ ಅದುಮಿ ವಿರೂಪಗೊಳ್ಳುತ್ತವೆ. ಮೇಲಿನ ಗುರುತು ಅಳಿದರೂ ಒಳಗಿನ ಈ ವಿಕಾರ ಉಳಿದಿರುತ್ತದೆ. ಆಮ್ಲವು ಅದನ್ನು ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕೊರೆಯುವುದರಿಂದ ಅಕ್ಷರ ಮತ್ತೆ ತೋರುತ್ತದೆ. ಕಳವಾದ ವಾಹನಗಳ ಅಳಿಸಿದ ಸಂಖ್ಯೆಗಳನ್ನು ಅಪರಾಧ ಪ್ರಯೋಗಾಲಯದವರು ಓದುವುದು ಇದೇ ತತ್ತ್ವದಿಂದ. ಆದರೆ ಪುರಾತನ ವಸ್ತುವಿಗೆ ಆಮ್ಲ ಸಲ್ಲದು. ಅಲ್ಲಿ ಬೆಳಕೇ ನಮ್ಮ ಉಪಕರಣ. ಕತ್ತಲೆಯ ಕೋಣೆಯಲ್ಲಿ ದೀಪವನ್ನು ನಳಿಗೆಯ ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದರೆ, ಸಂಜೆಯ ಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಎದ್ದು ಕಾಣುವಂತೆ, ಕಣ್ಣಿಗೆ ಬೀಳದಿದ್ದ ಗೆರೆಗಳು ನೆರಳಾಗಿ ಮೂಡುತ್ತವೆ. ದೀಪವನ್ನು ನಾಲ್ಕು ದಿಕ್ಕುಗಳಲ್ಲಿ ಇಟ್ಟು ನಾಲ್ಕು ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಅಳತೆಯ ಪಟ್ಟಿಯೊಂದಿರಬೇಕು.

ತಿಕ್ಕಿದರೆ ಆಗುವುದೇನು?

ಇಟ್ಟಿಗೆಪುಡಿಯಲ್ಲಿ ಬೆಣಚುಕಲ್ಲಿನ ಕಣಗಳಿವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲು ೭. ಮೆದು ಕಬ್ಬಿಣ ಸುಮಾರು ೪. ಗಡಸಾದುದು ಮೆದುವಾದುದನ್ನು ಕೆರೆಯುತ್ತದೆ. ಕೊರೆದ ಅಕ್ಷರದ ಆಳ ಒಂದು ಮಿಲಿಮೀಟರಿನ ಹತ್ತನೆಯ ಕೆಲವು ಭಾಗಗಳಷ್ಟೇ. ಬಂಗಾರದ ಬರೆಹ ಇನ್ನೂ ಸೂಕ್ಷ್ಮವಾದುದು: ಕಬ್ಬಿಣದ ಮೈಯನ್ನು ಗೀರುಗೀರಾಗಿ ಒರಟುಮಾಡಿ, ಅದರ ಮೇಲೆ ಬಂಗಾರದ ಎಳೆಯನ್ನಿಟ್ಟು ಬಡಿದು ಕಚ್ಚಿಸಿದುದು ಅದು. ಅಡಿಯಲ್ಲಿ ತುಕ್ಕು ಹುಟ್ಟಿ ಉಬ್ಬಿದಾಗ ಎಳೆ ಸಡಿಲವಾಗಿರುತ್ತದೆ. ಒಂದೆರಡು ಸಲ ತಿಕ್ಕಿದರೆ ಸಾಕು, ಉದುರಿಹೋಗುತ್ತದೆ.

ಹುಣಿಸೆ, ನಿಂಬೆಗಳ ಆಮ್ಲವು ತುಕ್ಕನ್ನು ಕರಗಿಸುತ್ತದೆ ನಿಜ. ಅದರ ಜೊತೆಯಲ್ಲಿ ಕಬ್ಬಿಣವನ್ನೂ ಕರಗಿಸುತ್ತದೆ. ಗೆರೆಗಳ ಸಂದಿನಲ್ಲಿ ಉಳಿದ ಆಮ್ಲ ಹೊಸ ತುಕ್ಕಿಗೆ ಬೀಜವಾಗುತ್ತದೆ. ಒಳ್ಳೆಯ ನಳಿಗೆಗಳನ್ನು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸರಳಿನ ಸುತ್ತ ಸುರುಳಿಯಾಗಿ ಸುತ್ತಿ, ಕಾಸಿ ಬಡಿದು ಬೆಸೆದು ಮಾಡುತ್ತಿದ್ದರು. ಇದರಿಂದ ಮೈಮೇಲೆ ನೀರಿನ ಅಲೆಗಳಂತಹ ಚಿತ್ತಾರ ಮೂಡುತ್ತದೆ. ಹೊಳಪು ಬರಲೆಂದು ಉಜ್ಜಿದರೆ ಆ ಚಿತ್ತಾರವೂ ಮಾಯವಾಗುತ್ತದೆ. ಕಂದುಬಣ್ಣದ ಗಟ್ಟಿಯಾದ, ಸಮನಾದ ಹಳೆಯ ಪದರು ಕೊಳೆಯಲ್ಲ. ಅದು ಲೋಹದ ಹೊದಿಕೆ.

ಕಾಪಾಡುವ ಕ್ರಮ

ಎಲ್ಲಕ್ಕೂ ಮೊದಲು ಪ್ರಾಣರಕ್ಷಣೆ. ಕರಿಮದ್ದು ಒಣಗಿದ ಸ್ಥಳದಲ್ಲಿ ನೂರಾರು ವರ್ಷ ಕೆಡದೆ ಇರಬಲ್ಲುದು. ಅಟ್ಟದ ಮೇಲಿನ ಕೋವಿಯಲ್ಲಿ ಮುತ್ತಾತ ತುಂಬಿದ ಮದ್ದುಗುಂಡುಗಳು ಇನ್ನೂ ಇರಬಹುದು. ಆದುದರಿಂದ ಸಿಕ್ಕಿದ ಹಳೆಯ ಕೋವಿಯನ್ನು ತುಂಬಿದ ಕೋವಿಯೆಂದೇ ಭಾವಿಸಬೇಕು. ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು, ಕುದುರೆಯನ್ನು ಎಳೆಯಬಾರದು, ಬೆಂಕಿಯ ಬಳಿ ಒಯ್ಯಬಾರದು. ಒಳಗನ್ನು ಪರೀಕ್ಷಿಸುವ ಕೆಲಸವನ್ನು ತಿಳಿದವರಿಗೆ ಬಿಡಬೇಕು.

ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ, ನೀರು ಎರಡೂ ಬೇಕು. ಲವಣವಿದ್ದರೆ ಕೆಲಸ ತ್ವರಿತವಾಗುತ್ತದೆ. ನಮ್ಮ ಬೆವರಿನಲ್ಲಿ ಲವಣವಿದೆ. ಆದುದರಿಂದ ಕೈಗೆ ಹತ್ತಿಯ ಗವಸು ಬೇಕು. ಸುಟ್ಟ ಮದ್ದಿನ ಮಸಿಯಲ್ಲಿಯೂ ಗಾಳಿಯ ತೇವವನ್ನು ಹೀರುವ ಲವಣಗಳಿವೆ. ನಳಿಗೆ ಒಳಗಿನಿಂದ ಕೊಳೆಯುವುದು ಇದರಿಂದಲೇ. ಮೈಮೇಲಿನ ಧೂಳನ್ನು ಮೆದು ಕುಂಚದಿಂದ ಬಿಡಿಸಿ, ಒಣಗಿದ ಲೋಹಕ್ಕೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಸೂಕ್ಷ್ಮಸ್ಫಟಿಕ ಮೇಣದ ತೆಳುವಾದ ಲೇಪವನ್ನು ಕೊಡುವುದು ಉತ್ತಮ. ಅಡಿಗೆಯ ಎಣ್ಣೆಯನ್ನು ಬಳಿಯಬಾರದು. ಅದು ಧೂಳನ್ನು ಹಿಡಿದು, ಕಮಟಾಗಿ ಆಮ್ಲವಾಗುತ್ತದೆ. ಮಳೆಗಾಲದ ತೇವದಿಂದಲೂ ಬೇಸಗೆಯ ಶುಷ್ಕತೆಯಿಂದಲೂ ಮರ ಹಿಗ್ಗಿ ಕುಗ್ಗಿ ಸೀಳುತ್ತದೆ. ಗೋಡೆಗೆ ಒರಗಿಸದೆ, ಬಿಸಿಲು ಹೊಗೆಗಳು ತಾಗದ ಸ್ಥಳದಲ್ಲಿ ಮಲಗಿಸಿಡಬೇಕು. ಆಯುಧಪೂಜೆಯಂದು ಕುಂಕುಮವನ್ನು ಲೋಹಕ್ಕೆ ಹಚ್ಚದೆ ಪಕ್ಕದಲ್ಲಿಟ್ಟ ವೀಳ್ಯದೆಲೆಗೆ ಹಚ್ಚಿದರೆ ಪೂಜೆಗೂ ಲೋಪವಿಲ್ಲ, ಕೋವಿಗೂ ಲೋಪವಿಲ್ಲ. ಕೈಲ್ ಮುಹೂರ್ತದಂದು ಕೋವಿಗೆ ಹೂವನ್ನು ಮುಡಿಸುವ ಕೊಡಗಿನವರ ಪದ್ಧತಿಯನ್ನು ಇಲ್ಲಿ ನೆನೆಯಬಹುದು.

ಕಾನೂನನ್ನೂ ಮರೆಯಬಾರದು. ಬಳಕೆಗೆ ಬರುವ ಕೋವಿ ಎಷ್ಟೇ ಹಳೆಯದಾದರೂ ೧೯೫೯ರ ಆಯುಧಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ರಿಪೇರಿ ಮಾಡಿದರೂ ಉಪಯೋಗಕ್ಕೆ ಬಾರದ ಪುರಾತನ ಕೋವಿಗೆ ವಿನಾಯಿತಿಯುಂಟು. ಆದರೆ ಅದನ್ನು ನಿರ್ಣಯಿಸಬೇಕಾದವರು ಅಧಿಕಾರಿಗಳು, ಮನೆಯವರಲ್ಲ. ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಕಾಯಿದೆ ನಿರ್ಬಂಧಿಸಿದೆ. ನೆಲದಲ್ಲಿ ಸಿಕ್ಕಿದುದನ್ನು ಸರ್ಕಾರಕ್ಕೆ ತಿಳಿಸಬೇಕು.

ಹೆಸರಿಲ್ಲದಿದ್ದಾಗ

ಕೊನೆಯದಾಗಿ, ಹೆಸರೇ ಇಲ್ಲದ ವಸ್ತುಗಳ ಮಾತು. ೨೦೧೮ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ, ಪಾಳುಬಿದ್ದ ಬಾವಿಯೊಂದರ ಕೆಸರಿನಿಂದ ರಾಜ್ಯದ ಪುರಾತತ್ತ್ವ ಇಲಾಖೆಯವರು ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆದರು. ಉದ್ದ ೨೩ರಿಂದ ೨೬ ಸೆಂಟಿಮೀಟರು. ಅಲ್ಲಿಯೇ ೨೦೦೨ರಲ್ಲಿಯೂ ಇಂತಹವು ಸಿಕ್ಕಿದ್ದುವು. ಅವು ಏನೆಂಬುದು ಸ್ಪಷ್ಟವಾದುದು ಹಲವು ವರ್ಷಗಳ ಅನಂತರ. ಇಂತಹ ಮೈಸೂರು ರಾಕೆಟ್ಟುಗಳನ್ನು ಕಂಡೇ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಿದನು. ೧೮೧೪ರಲ್ಲಿ ಅವು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದುವು.

ಈ ರಾಕೆಟ್ಟುಗಳಿಗೆ ಹೆಸರಿನ ಸಾಕ್ಷಿಯಿಲ್ಲ. ಸಿಕ್ಕಿದ ಸ್ಥಳವೇ ಸಾಕ್ಷಿ. ಅವುಗಳನ್ನು ಯಾರಾದರೂ ಗುಜರಿಗೆ ಹಾಕಿ, ಅಂಗಡಿಯಿಂದ ಅಂಗಡಿಗೆ ಸಾಗಿಸಿದ್ದರೆ, ಇಂದು ಅವು ಯಾವ ಊರಿನ ಯಾವ ಕಾಲದ ಕೊಳವೆಗಳೆಂದು ಹೇಳುವುದು ದುಸ್ಸಾಧ್ಯವಾಗುತ್ತಿತ್ತು. ಹೆಸರಿದ್ದರೆ ಹೆಸರನ್ನು ಕಾಪಾಡಬೇಕು. ಇಲ್ಲದಿದ್ದರೆ ಎಲ್ಲಿ, ಎಂದು, ಯಾವುದರ ಜೊತೆಯಲ್ಲಿ ಸಿಕ್ಕಿತೆಂಬುದನ್ನು ಬರೆದಿಡಬೇಕು. ಮನೆಯ ಹಿರಿಯರು ಹೇಳುವ ಮಾತನ್ನೂ ಅವರು ಹೇಳಿದಂತೆಯೇ, ದಿನಾಂಕ ಸಹಿತ ಬರೆದಿಡುವುದು ಒಳ್ಳೆಯದು.

ಮುಂದಿನ ಮಹಾನವಮಿಗೆ ಅಟ್ಟದಿಂದ ಏನಾದರೂ ಇಳಿದರೆ, ಹುಣಿಸೆಹಣ್ಣಿಗೆ ಕೈಹಾಕುವ ಮೊದಲು ಒಂದು ದೀಪವನ್ನೂ ಭೂತಗನ್ನಡಿಯನ್ನೂ ತನ್ನಿ. ಇನ್ನೂರು ವರ್ಷಗಳ ಹಿಂದೆ ಕುಲುಮೆಯ ಮುಂದೆ ಕುಳಿತಿದ್ದ ಒಬ್ಬನು ತನ್ನ ಹೆಸರನ್ನು ನಿಮಗೆ ಹೇಳಲು ಕಾದಿರಬಹುದು.

ಅಭ್ಯಾಸ

೧. ಒಂದು ನಳಿಗೆಯ ಮೇಲಿನ ಅಂಕಿಗಳು ಎಡದಿಂದ ೭೧೨೧ ಎಂದು ಕಾಣುತ್ತವೆ. ಶಕ ಯಾವುದು? ಕ್ರಿಸ್ತಶಕ ಎಷ್ಟು?

೨. ನಳಿಗೆಯ ಮೇಲೆ ಪಾರಸಿ ಬರೆಹ, ಚಕಮಕಿ ಯಂತ್ರದ ಮೇಲೆ ಹೃದಯದ ಮುದ್ರೆ ಇವೆ. ಈ ಕೋವಿಯ ಬಗ್ಗೆ ಯಾವ ಯಾವ ಊಹೆಗಳನ್ನು ಮಾಡಬಹುದು? ಯಾವುದನ್ನು ಖಚಿತವಾಗಿ ಹೇಳಬಹುದು?

೩. ಹಳೆಯ ತಾಮ್ರದ ನಾಣ್ಯವೊಂದನ್ನು ತೆಗೆದುಕೊಂಡು, ದೀಪವನ್ನು ಮೇಲಿನಿಂದಲೂ ಪಕ್ಕದಿಂದಲೂ ಹಿಡಿದು ನೋಡಿ. ಎರಡು ಸಲ ಕಂಡುದನ್ನೂ ಚಿತ್ರಿಸಿ ಹೋಲಿಸಿ. ನಾಣ್ಯವನ್ನು ತಿಕ್ಕಬೇಡಿ.